ಮಂತ್ರಿ ರಾಣಿಯಾದ ಮೇಲೆ ಹುಟ್ಟಿದ ಲೆಕ್ಕ

ಚದುರಂಗದ ಮಣೆಯ ಮೇಲೆ ರಾಜನ ಪಕ್ಕದಲ್ಲಿ ನಿಲ್ಲುವ ಕಾಯಿಗೆ ನಾವು ಕನ್ನಡದಲ್ಲಿ ಮಂತ್ರಿ ಎನ್ನುತ್ತೇವೆ. ನಮ್ಮ ಕಟ್ಟಡದ ಮರಾಠಿ ಮಕ್ಕಳಿಗೆ ಅವನು ವಜೀರ್. ಅದೇ ಮಕ್ಕಳು ಸಂಜೆ ಚೆಸ್ ಕ್ಲಾಸಿಗೆ ಹೋದರೆ ಅಲ್ಲಿ ಆ ಕಾಯಿ ಕ್ವೀನ್. ಕಾಯಿ ಒಂದೇ, ನಡೆಯೂ ಒಂದೇ. ಆದರೆ ಎರಡು ಭಾಷೆಯಲ್ಲಿ ಗಂಡಸು, ಮೂರನೆಯದರಲ್ಲಿ ಹೆಂಗಸು. ಊರು ಬಿಟ್ಟು ಊರಲ್ಲಿ ಇರುವ ನಮ್ಮಂಥವರಿಗೆ ಒಂದೇ ವಸ್ತುವಿಗೆ ಮೂರು ಹೆಸರು ಹೊಸದೇನಲ್ಲ. ಆದರೂ ಈ ವೇಷ ಬದಲಾವಣೆ ಎಲ್ಲಿ ಆಯಿತು, ಯಾವಾಗ ಆಯಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ಗಣಿತದ ಒಗಟು. ಅದರ ಹೆಸರು ‘ಎಂಟು ರಾಣಿಯರ ಸಮಸ್ಯೆ’. ಕಂಪ್ಯೂಟರ್ ಓದಿದ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಕೇಳಿ ನೋಡಿ, ಕಾಲೇಜಿನಲ್ಲಿ ಈ ಲೆಕ್ಕ ಮಾಡಿಯೇ ಇರುತ್ತಾಳೆ. ಅದರ ಚರಿತ್ರೆ ಮಾತ್ರ ಪಠ್ಯದಲ್ಲಿ ಇರುವುದಿಲ್ಲ.

ಒಗಟು ಹೇಳಲು ಸುಲಭ. ಅರವತ್ತನಾಲ್ಕು ಮನೆಯ ಖಾಲಿ ಮಣೆ. ಅದರ ಮೇಲೆ ಎಂಟು ರಾಣಿಯರನ್ನು ಇಡಬೇಕು, ಒಬ್ಬಳು ಇನ್ನೊಬ್ಬಳನ್ನು ಹೊಡೆಯುವಂತಿರಬಾರದು. ರಾಣಿ ಅಡ್ಡಸಾಲಿನಲ್ಲಿ, ಉದ್ದಸಾಲಿನಲ್ಲಿ, ಓರೆಯಲ್ಲಿ ಎಷ್ಟು ದೂರ ಬೇಕಾದರೂ ಹೋಗಬಲ್ಲಳು. ಹಾಗಾಗಿ ಯಾವ ಇಬ್ಬರೂ ಒಂದೇ ಅಡ್ಡಸಾಲಿನಲ್ಲಿ, ಒಂದೇ ಉದ್ದಸಾಲಿನಲ್ಲಿ, ಒಂದೇ ಓರೆಗೆರೆಯಲ್ಲಿ ಇರಕೂಡದು. ಕಣ್ಣು ಮುಚ್ಚಿ ಎಂಟು ಕಾಯಿ ಇಡುವ ಬಗೆಗಳು ಒಟ್ಟು 442 ಕೋಟಿಗೂ ಹೆಚ್ಚು. ಸಾಲಿಗೊಬ್ಬಳು ಎಂದು ನಿಯಮ ಮಾಡಿಕೊಂಡರೆ, ಅಂದರೆ ಅಡ್ಡಕ್ಕೂ ಉದ್ದಕ್ಕೂ ಒಬ್ಬೊಬ್ಬಳೇ ಎಂದರೆ, 40,320ಕ್ಕೆ ಇಳಿಯುತ್ತದೆ. ಓರೆಯೂ ತಾಗದಂತೆ ನೋಡಿದರೆ ಉಳಿಯುವುದು 92 ಮಾತ್ರ.

ಇದು ಚದುರಂಗದಷ್ಟೇ ಹಳೆಯ ಒಗಟು ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗಿಲ್ಲ, ಇರಲು ಸಾಧ್ಯವೂ ಇಲ್ಲ. ಕಾರಣ ನಮ್ಮ ಮಂತ್ರಿಯೇ.

ಹಳೆಯ ಚದುರಂಗದಲ್ಲಿ ಮಂತ್ರಿ ಬಡಪಾಯಿ. ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿದ್ದ, ಅಷ್ಟೇ. ಆಟ ನಮ್ಮಿಂದ ಪರ್ಷಿಯಕ್ಕೆ ಹೋದಾಗ ಅವನು ಫರ್ಜೀನ್ ಆದ, ಅರಬರಲ್ಲಿ ಫಿರ್ಜಾನ್ ಆದ. ಹೆಸರು ಬದಲಾದರೂ ನಡೆ ಬದಲಾಗಲಿಲ್ಲ. ಯುರೋಪಿಗೆ ಕಾಲಿಟ್ಟ ಮೇಲೆ ಮೊದಲು ಬದಲಾಗಿದ್ದು ಲಿಂಗ. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿರುವ, ಸುಮಾರು ಕ್ರಿ.ಶ. 1000ದ ಹೊತ್ತಿನ ಲ್ಯಾಟಿನ್ ಪದ್ಯವೊಂದರಲ್ಲಿ ಈ ಕಾಯಿಗೆ ಆಗಲೇ ರಾಣಿ ಎಂಬ ಹೆಸರಿದೆ. ಅಲ್ಲಿಯ ಜನರಿಗೆ ರಾಜನ ಪಕ್ಕ ನಿಲ್ಲುವವಳು ರಾಣಿಯಲ್ಲದೆ ಇನ್ನಾರು ಎಂದು ಅನಿಸಿರಬೇಕು. ಹೆಸರು ಬಂತು, ಅಧಿಕಾರ ಬರಲಿಲ್ಲ. ಮುಂದಿನ ನಾಲ್ಕೂವರೆ ಶತಮಾನಕ್ಕೂ ಹೆಚ್ಚು ಕಾಲ ಆ ರಾಣಿ ಓರೆಯ ಒಂದು ಮನೆ ದಾಟುವವಳಾಗಿಯೇ ಉಳಿದಳು.

ಸುಮಾರು 1475ರಲ್ಲಿ ಸ್ಪೇನಿನ ವೆಲೆನ್ಸಿಯದಲ್ಲಿ ಮೂವರು ಕವಿಗಳು ಸೇರಿ ‘ಸ್ಕಾಕ್ಸ್ ದಮೋರ್’ ಎಂಬ ಕಾವ್ಯ ಬರೆದರು. ಪ್ರೇಮದ ಚದುರಂಗ ಎಂದು ಅದರ ಅರ್ಥ. ಇಡೀ ಮಣೆ ತಿರುಗುವ ಹೊಸ ರಾಣಿ ನಮಗೆ ಮೊದಲು ಕಾಣುವುದು ಅದರಲ್ಲಿ. ಇಟಲಿಯವರು, ಫ್ರಾನ್ಸಿನವರು ಈ ಹೊಸ ಆಟಕ್ಕೆ ಕೊಟ್ಟ ಅಡ್ಡಹೆಸರಿನ ಅರ್ಥ ‘ಹುಚ್ಚು ಹಿಡಿದ ರಾಣಿಯ ಆಟ’. ಒಂದೇ ಮನೆ ನಡೆಯುತ್ತಿದ್ದಷ್ಟು ದಿನ ಯಾರೂ ಅವಳನ್ನು ಹುಚ್ಚಿ ಎನ್ನಲಿಲ್ಲ ಎಂಬುದನ್ನು ನಾನು ಇಲ್ಲಿ ಗಮನಿಸದೆ ಇರಲಾರೆ. ಇಸಾಬೆಲ್ಲ ಕ್ಯಾಸ್ಟೀಲ್‌ನ ಪಟ್ಟಕ್ಕೆ ಬಂದದ್ದು 1474ರಲ್ಲಿ. ಅವಳ ಪ್ರತಾಪಕ್ಕೂ ಮಣೆಯ ಮೇಲಿನ ರಾಣಿಯ ಪ್ರತಾಪಕ್ಕೂ ನಂಟಿದೆ ಎಂದು ಲೇಖಕಿ ಮೆರಿಲಿನ್ ಯಾಲಮ್ 2004ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಓದಲು ಚೆನ್ನಾಗಿದೆ. ಆದರೆ ನೇರ ದಾಖಲೆಯಿಲ್ಲದ ವಾದ ಅದು, ಕಾಲ ಹೊಂದುತ್ತದೆ ಎಂಬುದೇ ಅದರ ಮುಖ್ಯ ಬಲ. ನಾನು ಅದನ್ನು ಅರ್ಧ ಮಾತ್ರ ನಂಬುತ್ತೇನೆ.

ಈಗ ಒಗಟಿಗೆ ಬರೋಣ. ಹಳೆಯ ಮಂತ್ರಿಯನ್ನೇ ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿದರೆ ಏನಾಗುತ್ತದೆ? ಒಂದು ಅಡ್ಡಸಾಲು ಪೂರ್ತಿ ಮಂತ್ರಿಗಳನ್ನು ತುಂಬಿ, ಮುಂದಿನ ಸಾಲು ಖಾಲಿ ಬಿಡಿ, ಮತ್ತೆ ತುಂಬಿ, ಮತ್ತೆ ಬಿಡಿ. ಮೂವತ್ತೆರಡು ಮಂತ್ರಿಗಳು ಒಬ್ಬರನ್ನೊಬ್ಬರು ಮುಟ್ಟದೆ ಕುಳಿತುಬಿಡುತ್ತಾರೆ. ಎರಡು ನಿಮಿಷದ ಕೆಲಸ, ತಲೆ ಕೆರೆದುಕೊಳ್ಳುವುದೇನೂ ಇಲ್ಲ. ರಾಣಿಗೆ ಬಲ ಬಂದ ಮೇಲೆಯೇ ಪ್ರಶ್ನೆಗೆ ಬಲ ಬಂತು.

ಹಾಗಾದರೆ ಚದುರಂಗ ಹುಟ್ಟಿದ ನಾಡಿನಲ್ಲಿ ಮಣೆಯ ಮೇಲೆ ಲೆಕ್ಕವೇ ನಡೆಯಲಿಲ್ಲವೇ? ಧಾರಾಳವಾಗಿ ನಡೆದಿದೆ, ಆದರೆ ನಮ್ಮವರು ಹಿಡಿದದ್ದು ಕುದುರೆಯನ್ನು. ಅದು ಸಹಜವೂ ಹೌದು. ಕುದುರೆಯ ನಡೆ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಒಂದು ಮನೆಯನ್ನೂ ಬಿಡದೆ, ಒಂದನ್ನೂ ಎರಡು ಸಲ ಮೆಟ್ಟದೆ ಕುದುರೆಯನ್ನು ಮಣೆಯೆಲ್ಲ ಸುತ್ತಿಸುವುದು ಆ ಒಗಟು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಇದನ್ನು ಶ್ಲೋಕವಾಗಿಸಿದ. ಅರ್ಧ ಮಣೆಯ ಮೂವತ್ತೆರಡು ಮನೆಗಳಲ್ಲಿ ಮೂವತ್ತೆರಡು ಅಕ್ಷರ. ಸಾಲಾಗಿ ಓದಿದರೂ ಅದೇ ಶ್ಲೋಕ, ಕುದುರೆಯ ಹೆಜ್ಜೆಯಲ್ಲಿ ಓದಿದರೂ ಅದೇ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಇಡ್ಲಿಯ ಪೂರ್ವಜನನ್ನು ಹುಡುಕಿದವರು ನಮ್ಮಲ್ಲಿ ಬಹಳ ಜನ. ಅದೇ ಗ್ರಂಥದಲ್ಲಿ ಮನೆಗಳಿಗೆ ಅಕ್ಷರಗಳ ಗುರುತು ಕೊಟ್ಟು ಕುದುರೆಯನ್ನು ಸುತ್ತಿಸುವ ಬಗೆಯೂ ಇದೆ, ಅದನ್ನು ಹುಡುಕಿದವರು ಕಡಿಮೆ. ಚೆನ್ನೈಯಲ್ಲಿರುವ ಗೆಳತಿಯರಿಗೆ ವೇದಾಂತ ದೇಶಿಕರ ‘ಪಾದುಕಾ ಸಹಸ್ರ’ ಪರಿಚಯ ಇರಬಹುದು. ಅದರ ಚಿತ್ರ ಪದ್ಧತಿಯಲ್ಲಿ ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಅದರ ಮುಂದಿನ ಶ್ಲೋಕವೇ ಮೂಡುತ್ತದೆ. ರುದ್ರಟನದಕ್ಕಿಂತ ಇದು ಕಷ್ಟದ ಕೆಲಸ, ಏಕೆಂದರೆ ಎರಡಕ್ಕೂ ಬೇರೆ ಬೇರೆ ಅರ್ಥ ಇರಬೇಕು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಟ್ಟು ಈ ಮಾತು ಮುಗಿಸುವ ಹಾಗಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರ ಕೈಯಲ್ಲಿ ಬಿರುದು ಉಳಿಯಿತು, ಬಿಡುವೂ ಉಳಿಯಿತು. ಕುದುರೆ ಸುತ್ತುವ ಮನೆಗಳಿಗೆ ಕ್ರಮವಾಗಿ ಸಂಖ್ಯೆ ಕೊಟ್ಟಾಗ ಪ್ರತಿ ಸಾಲಿನ ಮೊತ್ತವೂ ಒಂದೇ ಬರುವಂಥ ಮಾಯಾಚೌಕಗಳವರೆಗೆ ಅವರ ಆಸಕ್ತಿ ಹೋಗಿತ್ತು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿ ‘ಕೌತುಕ ನಿಧಿ’ ಇಂಥ ಆಟಗಳಿಗೇ ಮೀಸಲು. ನನಗೆ ಆಶ್ಚರ್ಯವಾಗುವುದು ಕಾಲದ ಲೆಕ್ಕ. ಮೈಸೂರಿನಲ್ಲಿ ಅರಸರು ಕುದುರೆಯ ಹಿಂದೆ ಬಿದ್ದಿದ್ದ ಅದೇ ವರ್ಷಗಳಲ್ಲಿ ಜರ್ಮನಿಯಲ್ಲಿ ರಾಣಿಯರ ಒಗಟು ಹುಟ್ಟಿತು.

ಹೊಸ ರಾಣಿ ಬಂದು ಮುನ್ನೂರ ಎಪ್ಪತ್ತು ವರ್ಷಗಳಾದರೂ ಯಾರಿಗೂ ಹೊಳೆಯದೆ ಇದ್ದದ್ದು 1848ರಲ್ಲಿ ಹೊಳೆಯಿತು. ತಡವಾದದ್ದೇಕೆ ಎಂದರೆ, ಇಂಥ ಪ್ರಶ್ನೆ ಕೇಳಲು ಒಂದು ಜಾಗ ಬೇಕಿತ್ತು ಎಂದು ನನಗೆ ತೋರುತ್ತದೆ. ಬರ್ಲಿನ್ನಿನ ಚದುರಂಗ ಪತ್ರಿಕೆ ‘ಶಾಖ್‌ಸೈಟುಂಗ್’ ಶುರುವಾದದ್ದು 1846ರಲ್ಲಿ. ಎರಡು ವರ್ಷದ ನಂತರ ಅದರಲ್ಲಿ ‘ಚದುರಂಗಪ್ರೇಮಿ’ ಎಂಬ ಗುಪ್ತನಾಮದಲ್ಲಿ ಒಬ್ಬರು ಎಂಟು ರಾಣಿಯರ ಪ್ರಶ್ನೆ ಕೇಳಿದರು. ಅವರು ಬವೇರಿಯದ ಆಟಗಾರ ಮ್ಯಾಕ್ಸ್ ಬೆಜೆಲ್. ಆಗ ವಯಸ್ಸು ಇಪ್ಪತ್ತನಾಲ್ಕು. ಗಣಿತದ ಪಂಡಿತರಲ್ಲ, ಆಟದವರು.

1850ರ ಜೂನ್‌ನಲ್ಲಿ ಇದೇ ಪ್ರಶ್ನೆ ಲೈಪ್‌ಜಿಗ್‌ನ ಜನಪ್ರಿಯ ಸಚಿತ್ರ ವಾರಪತ್ರಿಕೆಯೊಂದಕ್ಕೆ ಬಂತು. ತಂದವರು ಫ್ರಾಂಜ್ ನೌಕ್. ಮೊದಲು ಅವರು 60 ಉತ್ತರಗಳನ್ನು ಕೊಟ್ಟರು. ಆ ಪತ್ರಿಕೆ ಓದುತ್ತಿದ್ದವರಲ್ಲಿ ಒಬ್ಬರು ಗಟಿಂಗೆನ್ನಿನ ಕಾರ್ಲ್ ಫ್ರೆಡ್ರಿಕ್ ಗೌಸ್. ಆ ಕಾಲದ ಅತಿ ದೊಡ್ಡ ಗಣಿತಜ್ಞ, ವಯಸ್ಸು ಎಪ್ಪತ್ತಮೂರು. ವಾರಪತ್ರಿಕೆಯ ಒಗಟಿನ ಪುಟ ನೋಡಿ ಪೆನ್ಸಿಲ್ ಹಿಡಿದು ಕುಳಿತ ಆ ಅಜ್ಜನನ್ನು ನೆನೆದರೆ ನನಗೆ ಪ್ರೀತಿ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಗೆಳೆಯ, ಖಗೋಳಜ್ಞ ಶೂಮಾಕರ್‌ಗೆ ಬರೆದ ಪತ್ರದಲ್ಲಿ 76 ಉತ್ತರಗಳಿವೆ ಎಂದರು. ಆಮೇಲೆ ನಾಲ್ಕು ತಪ್ಪೆಂದು ಕಂಡು 72 ಎಂದರು. ಅದೇ ತಿಂಗಳ 21ರ ಸಂಚಿಕೆಯಲ್ಲಿ ನೌಕ್ ಪೂರ್ತಿ 92 ಉತ್ತರಗಳನ್ನೂ ಅಚ್ಚು ಹಾಕಿಸಿದರು. ಗಣಿತದ ಮಹಾರಾಜನಿಗಿಂತ ಇಪ್ಪತ್ತು ಹೆಚ್ಚು.

ಗೌಸ್ ಕೊಟ್ಟದ್ದು ಕಡಿಮೆ ಬೆಲೆಯದೇನಲ್ಲ. ಮಣೆಯನ್ನೇ ಬಿಟ್ಟು, ಬರಿಯ ಕೂಡುವ ಲೆಕ್ಕದಲ್ಲಿ ಉತ್ತರ ಪರೀಕ್ಷಿಸುವ ದಾರಿ ತೋರಿಸಿದರು. ಕಾಗದದ ಮೇಲೆ 1ರಿಂದ 8ರವರೆಗೆ ಬರೆಯಿರಿ, ಇವು ಉದ್ದಸಾಲುಗಳು. ಅವುಗಳ ಕೆಳಗೆ 1, 5, 8, 6, 3, 7, 2, 4 ಎಂದು ಬರೆಯಿರಿ. ಆಯಾ ಸಾಲಿನಲ್ಲಿ ರಾಣಿ ಬುಡದಿಂದ ಎಷ್ಟನೆಯ ಮನೆಯಲ್ಲಿದ್ದಾಳೆ ಎಂಬುದು ಇದು. ಕೆಳಗಿನ ಅಂಕಿಗಳಲ್ಲಿ ಯಾವುದೂ ಎರಡು ಸಲ ಬಂದಿಲ್ಲ, ಹಾಗಾಗಿ ಅಡ್ಡಸಾಲಿನಲ್ಲಿ ಜಗಳವಿಲ್ಲ. ಈಗ ಮೇಲಿನದಕ್ಕೆ ಕೆಳಗಿನದನ್ನು ಕೂಡಿಸಿ: 2, 7, 11, 10, 8, 13, 9, 12. ಎಲ್ಲ ಬೇರೆ ಬೇರೆ, ಅಂದರೆ ಒಂದು ದಿಕ್ಕಿನ ಓರೆಯಲ್ಲಿ ಯಾರೂ ಯಾರಿಗೂ ಎದುರಾಗಿಲ್ಲ. ಇನ್ನು ಮೇಲಿನ ಸಾಲನ್ನು ತಿರುಗಿಸಿ 8ರಿಂದ 1ಕ್ಕೆ ಬರೆದು ಮತ್ತೆ ಕೂಡಿಸಿ: 9, 12, 14, 11, 7, 10, 4, 5. ಇಲ್ಲೂ ಯಾವುದೂ ಮರುಕಳಿಸಿಲ್ಲ, ಇನ್ನೊಂದು ದಿಕ್ಕಿನ ಓರೆಯೂ ನಿರಾಳ. ಮಣೆ ಬೇಡ, ಕಾಯಿ ಬೇಡ, ಲೋಕಲ್ ರೈಲಿನಲ್ಲಿ ನಿಂತುಕೊಂಡು ಮಾಡಬಹುದಾದ ಪರೀಕ್ಷೆ. ಒಂದೆರಡು ಗಂಟೆ ತಾಳ್ಮೆಯಿಂದ ಕ್ರಮವಾಗಿ ಕುಳಿತರೆ ಎಲ್ಲ ಉತ್ತರಗಳನ್ನೂ ಖಚಿತಪಡಿಸಿಕೊಳ್ಳಬಹುದು ಎಂಬ ಅರ್ಥದ ಮಾತನ್ನೂ ಗೌಸ್ ಬರೆದಿದ್ದರು. ಅವರೇ ಆ ಒಂದೆರಡು ಗಂಟೆ ಕುಳಿತಂತೆ ಕಾಣುವುದಿಲ್ಲ!

ಮುಂದೆ ಆದದ್ದು ಗೊತ್ತಿರುವ ಕಥೆಯೇ. ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಾ ಇದು ಗೌಸ್‌ನ ಒಗಟು ಆಯಿತು. ಕೆಲವು ಕಡೆ ಕೇಳಿದವರೇ ಗೌಸ್, ಕೆಲವು ಕಡೆ 92ನ್ನೂ ಕಂಡುಹಿಡಿದವರು ಗೌಸ್. ಬೆಜೆಲ್ ಹೆಸರು ಅಳಿಸಿಹೋಯಿತು, ನೌಕ್ ಅಡಿಟಿಪ್ಪಣಿಯಾದರು. ಪಾಲ್ ಕ್ಯಾಂಪ್‌ಬೆಲ್ ಎಂಬ ಗಣಿತಜ್ಞರು ಈ ತಪ್ಪಿನ ಜಾಡು ಹಿಡಿದು ಹೋಗಿ 1977ರಲ್ಲಿ ಗಣಿತ ಚರಿತ್ರೆಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಚರಿತ್ರೆಯಲ್ಲಿ ತಪ್ಪು ಹೇಗೆ ಹರಡುತ್ತದೆ ಎಂಬುದಕ್ಕೆ ಇದೊಂದು ಪುಟ್ಟ ಮಾದರಿ ಎಂದು ಶೀರ್ಷಿಕೆಯಲ್ಲೇ ಹೇಳಿದ್ದಾರೆ. ಗೌಸ್ ಎಲ್ಲೂ ತನ್ನದೆಂದು ಹೇಳಿಕೊಳ್ಳಲಿಲ್ಲ, ಅದನ್ನು ಸ್ಪಷ್ಟ ಹೇಳಬೇಕು. ದೊಡ್ಡ ಹೆಸರು ಇದ್ದರೆ ಸಾಕು, ಸುತ್ತಮುತ್ತಲಿನವರ ಕೆಲಸವೆಲ್ಲ ಅದರ ಮಡಿಲಿಗೆ ತಾನಾಗಿ ಬಂದು ಬೀಳುತ್ತದೆ. ಅತ್ತೆಯ ಹೆಸರಿನಲ್ಲಿ ಪ್ರಸಿದ್ಧವಾದ ಸಾರಿನ ಪುಡಿಯನ್ನು ನಿಜಕ್ಕೂ ಹುರಿದವರು ಯಾರು ಎಂದು ಕೂಡು ಕುಟುಂಬದಲ್ಲಿ ಬೆಳೆದವರನ್ನು ಕೇಳಬೇಕು.

92 ಎಂಬ ಸಂಖ್ಯೆ ಯಾಕೆ ಹೀಗೆ ಅಡ್ಡಾದಿಡ್ಡಿ ಇದೆ? ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚುಕ್ಕಿ ರಂಗೋಲಿಯೊಂದನ್ನು ಮನೆಯ ಒಳಗಿನಿಂದ ನೋಡಿದರೆ ಒಂದು ರೀತಿ, ಬೀದಿಯಿಂದ ನೋಡಿದರೆ ಇನ್ನೊಂದು. ನಾಲ್ಕು ದಿಕ್ಕಿನಿಂದ ನಾಲ್ಕು ನೋಟ, ಕನ್ನಡಿಯಲ್ಲಿ ಮತ್ತೆ ನಾಲ್ಕು, ಒಟ್ಟು ಎಂಟು. ಹಾಗೆ ಒಂದೇ ವಿನ್ಯಾಸದ ಎಂಟು ನೋಟಗಳನ್ನು ಒಂದೆಂದು ಎಣಿಸಿದರೆ ಉಳಿಯುವ ಮೂಲ ವಿನ್ಯಾಸಗಳು 12 ಮಾತ್ರ. ಹನ್ನೆರಡು ಎಂಟಲೆ ತೊಂಬತ್ತಾರು ಆಗಬೇಕಿತ್ತಲ್ಲ? ಒಂದು ವಿನ್ಯಾಸ ವಿಶೇಷ: 3, 5, 2, 8, 1, 7, 4, 6. ಇದನ್ನು ತಲೆಕೆಳಗು ತಿರುಗಿಸಿದರೆ ಮತ್ತೆ ಅದೇ ಬರುತ್ತದೆ. ಆದ್ದರಿಂದ ಇದರಿಂದ ಎಂಟರ ಬದಲು ನಾಲ್ಕೇ ನೋಟ ಹುಟ್ಟುತ್ತವೆ. ಹನ್ನೊಂದು ಎಂಟಲೆ ಎಂಬತ್ತೆಂಟು, ಅದಕ್ಕೆ ನಾಲ್ಕು ಸೇರಿದರೆ ತೊಂಬತ್ತೆರಡು.

1874ರಲ್ಲಿ ಜರ್ಮನಿಯ ಗ್ಯುಂಟರ್, ಇಂಗ್ಲೆಂಡಿನ ಗ್ಲೇಶರ್ ಈ ಒಗಟಿಗೆ ಬೀಜಗಣಿತದ ದಾರಿ ಹುಡುಕಿದರು. 92ಕ್ಕಿಂತ ಹೆಚ್ಚಿಲ್ಲ ಎಂಬುದು ಆ ಹೊತ್ತಿಗೆ ಗಟ್ಟಿಯಾಯಿತು. ಆಮೇಲಿನ ನೂರು ವರ್ಷ ಇದು ಮನರಂಜನೆಯ ಗಣಿತದ ಪುಸ್ತಕಗಳಲ್ಲಿ ಓಡಾಡಿಕೊಂಡಿತ್ತು. ಕಂಪ್ಯೂಟರ್ ಬಂದು ಅದಕ್ಕೆ ಎರಡನೆಯ ಜನ್ಮ ಕೊಟ್ಟಿತು. ಡಚ್ ವಿಜ್ಞಾನಿ ಡೈಕ್‌ಸ್ಟ್ರ ಪ್ರೋಗ್ರಾಂ ಬರೆಯುವ ಶಿಸ್ತನ್ನು ಕಲಿಸಲು 1972ರ ಬರಹವೊಂದರಲ್ಲಿ ಇದೇ ಲೆಕ್ಕವನ್ನು ಎತ್ತಿಕೊಂಡರು. ಮೊದಲ ಸಾಲಿನಲ್ಲಿ ಒಬ್ಬಳನ್ನು ಇಡು, ಎರಡನೆಯದರಲ್ಲಿ ಅವಳಿಗೆ ತಾಗದಂತೆ ಇನ್ನೊಬ್ಬಳನ್ನು ಇಡು, ಎಲ್ಲಾದರೂ ಜಾಗವೇ ಇಲ್ಲವಾದರೆ ಒಂದು ಹೆಜ್ಜೆ ಹಿಂದೆ ಬಂದು ಹಿಂದಿನವಳನ್ನು ಸರಿಸು. ಸ್ವೆಟರ್ ಹೆಣೆಯುವವರು ಮಾಡುವುದೂ ಇದನ್ನೇ. ತಪ್ಪಿದ್ದು ಕಂಡರೆ ಎಲ್ಲಿ ತಪ್ಪಿತೋ ಅಲ್ಲಿಯವರೆಗೆ ಮಾತ್ರ ಬಿಚ್ಚುತ್ತೇವೆ, ಪೂರ್ತಿ ಬಿಚ್ಚುವುದಿಲ್ಲ. ಹಾಗಾಗಿ 442 ಕೋಟಿ ಬಗೆಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಮಣೆ ದೊಡ್ಡದಾದರೆ ಮಾತ್ರ ಕಂಪ್ಯೂಟರಿಗೂ ಉಸಿರು ಕಟ್ಟುತ್ತದೆ. ಎರಡು ಸಾಲಿನ, ಮೂರು ಸಾಲಿನ ಮಣೆಯಲ್ಲಿ ಉತ್ತರವೇ ಇಲ್ಲ. ನಾಲ್ಕರದ್ದಕ್ಕೆ 2, ಐದರದ್ದಕ್ಕೆ 10, ಆರರದ್ದಕ್ಕೆ ಇದ್ದಕ್ಕಿದ್ದಂತೆ 4ಕ್ಕೆ ಇಳಿದು, ಏಳಕ್ಕೆ 40, ಎಂಟಕ್ಕೆ ನಮ್ಮ 92. ಇಪ್ಪತ್ತೇಳು ಸಾಲಿನ ಮಣೆಯಲ್ಲಿ ಇಪ್ಪತ್ತೇಳು ರಾಣಿಯರನ್ನು ಇಡುವ ಬಗೆಗಳನ್ನು 2016ರಲ್ಲಿ ಎಣಿಸಿ ಮುಗಿಸಿದರು, ಹದಿನೆಂಟು ಅಂಕಿಗಳ ಸಂಖ್ಯೆ ಅದು. ಯಾವ ಮಣೆ ಕೊಟ್ಟರೂ ಎಷ್ಟು ಉತ್ತರ ಎಂದು ಹೇಳುವ ಸೂತ್ರ ಇಂದಿಗೂ ಇಲ್ಲ. 2021ರಲ್ಲಿ ಮೈಕೆಲ್ ಸಿಮ್ಕಿನ್ ಒಂದು ಅಂದಾಜು ಕೊಟ್ಟರು: ಮಣೆಯ ಸಾಲುಗಳ ಸಂಖ್ಯೆಯನ್ನು 0.143ರಿಂದ ಗುಣಿಸಿ, ಬಂದದ್ದನ್ನು ಸಾಲುಗಳೆಷ್ಟೋ ಅಷ್ಟು ಸಲ ತನ್ನಿಂದಲೇ ಗುಣಿಸುತ್ತಾ ಹೋಗುವುದು. ತುಂಬ ದೊಡ್ಡ ಮಣೆಗಳಿಗೆ ಮಾತ್ರ ಇದು ಸರಿ, ನಮ್ಮ ಎಂಟು ಸಾಲಿಗೆ ಹಚ್ಚಿ ನೋಡಬೇಡಿ. ಅದೇ ವರ್ಷ ಕ್ಯಾಂಡಿಡಾ ಬೌಟೆಲ್ ಎಂಬ ಗಣಿತಜ್ಞೆ ಪೀಟರ್ ಕೀವಾಶ್ ಜೊತೆ ಸೇರಿ ಇದೇ ಸಮಸ್ಯೆಯ ಮೇಲೆ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದರು. ಅಂಚುಗಳನ್ನು ಜೋಡಿಸಿ ಮಣೆಯನ್ನು ಬಳೆಯಂತೆ ಸುತ್ತಿದರೆ ರಾಣಿಗೆ ತಡೆಯುವ ಗೋಡೆಯೇ ಇರುವುದಿಲ್ಲ. ಬಲಗಡೆ ಹೊರಟವಳು ಎಡಗಡೆಯಿಂದ ಒಳಬರುತ್ತಾಳೆ. ಅಂಥ ಮಣೆಯ ಮೇಲಿನ ಲೆಕ್ಕ ಅವರದು. ರಾಣಿಯರ ಈ ಚರಿತ್ರೆಯನ್ನು ಓದುತ್ತಾ ಗಂಡಸರ ಹೆಸರುಗಳ ಸಾಲಿನ ಕೊನೆಗೆ ಈ ಹೆಸರು ಎದುರಾದಾಗ ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ.

ಬೇರೆ ಕಾಯಿಗಳ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದನ್ನೊಂದು ಹೊಡೆಯದಂತೆ ಆನೆಗಳನ್ನು ಎಂಟರವರೆಗೆ ಇಡಬಹುದು, ಒಂಟೆಗಳನ್ನು ಹದಿನಾಲ್ಕರವರೆಗೆ, ರಾಜರನ್ನು ಹದಿನಾರರವರೆಗೆ. ಕುದುರೆಗಳಾದರೆ ಮೂವತ್ತೆರಡು, ಎಲ್ಲವನ್ನೂ ಒಂದೇ ಬಣ್ಣದ ಮನೆಗಳಲ್ಲಿ ನಿಲ್ಲಿಸಿದರೆ ಆಯಿತು, ಏಕೆಂದರೆ ಕುದುರೆ ಯಾವಾಗಲೂ ಬಿಳಿಯಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ ಹಾರುತ್ತದೆ. ರಾಣಿಯರದ್ದೇ ಇನ್ನೊಂದು ಪ್ರಶ್ನೆ ಇದೆ: ಮಣೆಯ ಪ್ರತಿ ಮನೆಯೂ ಯಾರಾದರೊಬ್ಬರ ಕಣ್ಗಾವಲಿನಲ್ಲಿರಬೇಕಾದರೆ ಕನಿಷ್ಠ ಎಷ್ಟು ಜನ ಬೇಕು? 1862ರಲ್ಲಿ ರಷ್ಯದ ಯಾನಿಶ್ ಇದನ್ನು ಕೈಗೆತ್ತಿಕೊಂಡರು. ಐವರು ಸಾಕು, ಅದನ್ನು 4,860 ಬಗೆಯಲ್ಲಿ ಮಾಡಬಹುದು.

ಆಡಿ ನೋಡಲು ಇಷ್ಟಪಡುವವರು ನೇರವಾಗಿ ಎಂಟಕ್ಕೆ ಹೋಗಬೇಡಿ. ಕಾಗದದ ಮೇಲೆ ನಾಲ್ಕು ಸಾಲಿನ ಚೌಕ ಬರೆದು ನಾಲ್ಕು ಹುಣಸೆ ಬೀಜ ಇಟ್ಟು ಶುರು ಮಾಡಿ. ಮೂಲೆಯಲ್ಲಿ ಬೀಜ ಇಟ್ಟರೆ ಅಲ್ಲಿ ಗೆಲುವಿಲ್ಲ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಎಂಟರ ಮಣೆಯಲ್ಲೂ ಮೂಲೆ ಜಿಪುಣ. ಮೊದಲ ಉದ್ದಸಾಲಿನ ರಾಣಿಯನ್ನು ಬುಡದ ಮನೆಯಿಂದ ಒಂದೊಂದೇ ಮೇಲಕ್ಕೆ ಸರಿಸುತ್ತಾ ಹೋದರೆ ಉತ್ತರಗಳು ಕ್ರಮವಾಗಿ 4, 8, 16, 18, ಮತ್ತೆ 18, 16, 8, 4. ಮೂಲೆಯಿಂದ ಹೊರಡುವ ನಾಲ್ಕರಲ್ಲಿ ಒಂದನ್ನು ಗೌಸ್ ಲೆಕ್ಕದ ಜೊತೆ ಮೇಲೆ ಕೊಟ್ಟಿದ್ದೇನೆ. ಉಳಿದ ಮೂರಕ್ಕೆ ಹುಣಸೆ ಬೀಜ ತೆಗೆಯಿರಿ.